ಹಳೆಯ ಅಚ್ಚು, ಹೊಸ ಬೆಲೆ: ಬಾಹ್ಯಾಕಾಶ ವೀರರ ಗೊಂಬೆಗಳ ಪುನರಾಗಮನ

ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿ ಎಂದೊಡನೆ ವರ್ತಕರ ಕಣ್ಣ ಮುಂದೆ ಬರುವುದು ಮೀನುಗಾರಿಕಾ ಬಂದರು, ದೋಣಿ, ಬಲೆ, ಮಂಜುಗಡ್ಡೆ. ಆಟಿಕೆಯ ಮಾತು ಅಲ್ಲಿ ಹುಟ್ಟುವುದು ಅಪರೂಪ. ಆದರೂ 1980ರ ದಶಕದ ಕೊನೆಯ ವರ್ಷಗಳಲ್ಲಿ ಈ ತೀರದಲ್ಲಿ ಬಾಲ್ಯ ಕಳೆದವರಿಗೆ ಒಂದು ವಿಚಿತ್ರ ಸರಕಿನ ಪರಿಚಯವಿದೆ. ಅದು ಎರಡು ದಾರಿಗಳಿಂದ ಬರುತ್ತಿತ್ತು. ದುಬೈ ಮೊದಲಾದ ಕೊಲ್ಲಿ ನಗರಗಳಲ್ಲಿ ದುಡಿಯುತ್ತಿದ್ದ ಭಟ್ಕಳದ ಮಂದಿ ರಜೆಗೆ ಊರಿಗೆ ಬಂದಾಗ ಬಿಚ್ಚುತ್ತಿದ್ದ ಪೆಟ್ಟಿಗೆ ಒಂದು ದಾರಿ. ಕಾರವಾರ ದಾಟಿದರೆ ಸಿಗುವ ಗೋವಾದ ಕಾರ್ಖಾನೆ ಇನ್ನೊಂದು. ಸರಕು ಯಾವುದೆಂದರೆ ಅಂಗೈಯಗಲದ ಪ್ಲಾಸ್ಟಿಕ್ ವೀರ: ಕೈಕಾಲು ಮಡಚುವ, ಲೇಸರ್ ಕೋವಿ ಹಿಡಿದ, ಯಾವುದೋ ಗ್ರಹದಲ್ಲಿ ಯುದ್ಧಕ್ಕೆ ನಿಂತ ಗೊಂಬೆ. ದೂರದರ್ಶನದಲ್ಲಿ ‘ಹೀ-ಮ್ಯಾನ್’ ಪ್ರಸಾರವಾಗುತ್ತಿದ್ದ ಕಾಲವದು.

ಆ ಮಕ್ಕಳಿಗೆ ಈಗ ನಲವತ್ತು, ನಲವತ್ತೈದು ವರ್ಷ. ಅದೇ ಗೊಂಬೆ, ಅದೇ ಮುಖ, ಅದೇ ರಟ್ಟಿನ ಹಿಂಬದಿಯೊಡನೆ ಮತ್ತೆ ಮಾರುಕಟ್ಟೆಗೆ ಬಂದಿದೆ, ಕೊಳ್ಳುವವರೂ ಅವರೇ. ವ್ಯತ್ಯಾಸವಿರುವುದು ಬೆಲೆಯಲ್ಲಿ. ಇದನ್ನು ಶ್ರೀಮಂತ ದೇಶಗಳ ಹುಚ್ಚು ಎಂದು ತಳ್ಳಿಹಾಕುವವರು ಉಂಟು. ಆದರೆ ಈ ವ್ಯಾಪಾರದ ಲೆಕ್ಕವನ್ನು ಬಿಡಿಸಿ ನೋಡಿದಾಗ, ಸಣ್ಣ ಉದ್ದಿಮೆದಾರರು ವರ್ಷಾಂತ್ಯದಲ್ಲಿ ಸೊನ್ನೆಗೆ ಇಳಿಸಿ ಮರೆತುಬಿಡುವ ಆಸ್ತಿಯೇ ಇಲ್ಲಿ ಮೂಲ ಬಂಡವಾಳವಾಗಿರುವುದು ಕಂಡುಬರುತ್ತದೆ.

ಮೊದಲಿಗೆ ವ್ಯಾಪಾರದ ಇತಿಹಾಸವನ್ನು ಸ್ವಲ್ಪ ಗಮನಿಸಬೇಕು. 1977ರಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರ ತೆರೆ ಕಂಡಾಗ ಅದರ ಆಟಿಕೆಯ ಪರವಾನಗಿ ಕೆನ್ನರ್ ಎಂಬ ಕಂಪನಿಯ ಕೈಯಲ್ಲಿತ್ತು. ಅಂದು ಈ ಕ್ಷೇತ್ರದ ದೊಡ್ಡ ಹೆಸರಾಗಿದ್ದ ಮೀಗೊ ಕಂಪನಿ ಅದೇ ಪರವಾನಗಿಯನ್ನು ಬೇಡವೆಂದಿತ್ತು. ಚಿತ್ರ ಇಷ್ಟು ಓಡುತ್ತದೆಂದು ಕೆನ್ನರ್ ಸಹ ಎಣಿಸಿರಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದರೂ ಗೊಂಬೆ ಸಿದ್ಧವಾಗಿರಲಿಲ್ಲ. ಆಗ ಕಂಪನಿ ಮಾಡಿದ ಕೆಲಸವನ್ನು ಯಾವ ವರ್ತಕನೂ ಮೆಚ್ಚಬೇಕು. ಒಂದು ತೆಳು ಲಕೋಟೆಯಂಥ ಪೊಟ್ಟಣ, ಒಳಗೆ ಚಿತ್ರಪಟ ಮತ್ತು ಒಂದು ಪ್ರಮಾಣಪತ್ರ. ಪತ್ರವನ್ನು ಅಂಚೆಯಲ್ಲಿ ಕಳುಹಿಸಿದವರಿಗೆ ಮುಂದಿನ ವರ್ಷ ನಾಲ್ಕು ಗೊಂಬೆಗಳು ಬರುತ್ತವೆ ಎಂಬ ವಾಗ್ದಾನ. ಗೊಂಬೆಯೇ ಇಲ್ಲದ ಗೊಂಬೆಯ ಪೆಟ್ಟಿಗೆ ಅಂಗಡಿಯಲ್ಲಿ ಮಾರಾಟವಾಯಿತು, 1978ರಲ್ಲಿ ಮಾತು ಪಾಲಿಸಲಾಯಿತು. ಆ ಗೊಂಬೆಗಳ ಎತ್ತರ ಮೂರೂ ಮುಕ್ಕಾಲು ಅಂಗುಲ. 1964ರ ಮೊದಲ ಜಿ.ಐ. ಜೋ ಸುಮಾರು ಒಂದು ಅಡಿಯದಾಗಿತ್ತು. ಗಾತ್ರ ಇಳಿಸಿದ್ದರಿಂದ ಪ್ಲಾಸ್ಟಿಕ್ ಉಳಿಯಿತು, ಜೊತೆಗೆ ಗೊಂಬೆ ಕೂರುವಂಥ ವಿಮಾನ, ನೌಕೆಗಳನ್ನೂ ಮಾರಲು ಸಾಧ್ಯವಾಯಿತು.

ಕೆನ್ನರ್ 1987ರಲ್ಲಿ ಟೊಂಕಾ ಕಂಪನಿಯ ಪಾಲಾಯಿತು. ಟೊಂಕಾವನ್ನು 1991ರಲ್ಲಿ ಹಾಸ್‌ಬ್ರೊ ಕೊಂಡಿತು. ಹೆಸರು ಮಾತ್ರ ಸಾಯಲಿಲ್ಲ. 2010ರಲ್ಲಿ ಹಾಸ್‌ಬ್ರೊ ಹಳೆಯ ಕೆನ್ನರ್ ಮುದ್ರೆಯನ್ನೇ ರಟ್ಟಿನ ಮೇಲೆ ಅಚ್ಚು ಹಾಕಿ ‘ವಿಂಟೇಜ್’ ಶ್ರೇಣಿಯನ್ನು ತಂದಿತು. 2019ರಲ್ಲಿ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಕುತ್ತಿಗೆ, ಎರಡು ಭುಜ, ಎರಡು ತೊಡೆ, ಹೀಗೆ ಐದೇ ಕೀಲುಗಳ ಹಳೆಯ ರಚನೆಯ ‘ರೆಟ್ರೊ’ ಶ್ರೇಣಿಯನ್ನು ಹೊರತಂದಿತು. ಹೆಚ್ಚು ಕೀಲುಗಳ ಉತ್ತಮ ಗೊಂಬೆ ಮಾಡಲು ಬರುತ್ತಿದ್ದರೂ ಬೇಕೆಂದೇ ಹಳೆಯ ದೋಷಗಳೊಡನೆ ಮಾಡಿದ ಸರಕು ಅದು. ಅದರ ಜೊತೆಯ ಒಂದು ಆಟದ ಪೆಟ್ಟಿಗೆಯಲ್ಲಿ, 1970ರ ದಶಕದಲ್ಲಿ ಕೆನ್ನರ್ ತಯಾರಿಸದೇ ಬಿಟ್ಟಿದ್ದ ಟಾರ್ಕಿನ್ ಎಂಬ ಪಾತ್ರದ ಗೊಂಬೆಯನ್ನು ಹಳೆಯ ಶೈಲಿಯಲ್ಲಿಯೇ ಮಾಡಿ ಸೇರಿಸಲಾಗಿತ್ತು. ನಲವತ್ತು ವರ್ಷಗಳ ಹಿಂದೆ ಪಟ್ಟಿಯಲ್ಲಿ ಬಿಟ್ಟುಹೋದ ಸಾಲನ್ನು ಈಗ ತುಂಬಿದಂತೆ.

ಇದಕ್ಕಿಂತಲೂ ಚೋದ್ಯದ ಸಂಗತಿ ‘ಏಲಿಯನ್’ ಚಿತ್ರದ್ದು. 1979ರಲ್ಲಿ ಕೆನ್ನರ್ ಆ ಚಿತ್ರದ ಒಂದು ದೊಡ್ಡ ರಾಕ್ಷಸ ಗೊಂಬೆಯನ್ನು ಮಾರಿತು. ಸಣ್ಣ ಗೊಂಬೆಗಳ ಶ್ರೇಣಿಯೊಂದು ಮಾದರಿಯ ಹಂತದಲ್ಲಿಯೇ ನಿಂತುಹೋಯಿತು. 2013ರಲ್ಲಿ ಅಮೆರಿಕದ ಸೂಪರ್ ಸೆವೆನ್ ಎಂಬ ಸಣ್ಣ ಕಂಪನಿ ಆ ಅಪೂರ್ಣ ಮಾದರಿಗಳ ಆಧಾರದ ಮೇಲೆ ಐದು ಗೊಂಬೆಗಳನ್ನು, ಪರವಾನಗಿ ಪಡೆದು, ಮಾರುಕಟ್ಟೆಗೆ ತಂದಿತು. ಯಾರ ಬಾಲ್ಯದಲ್ಲಿಯೂ ಇಲ್ಲದಿದ್ದ ಗೊಂಬೆಗೆ ಬಾಲ್ಯದ ನೆನಪಿನ ಬೆಲೆ ಸಿಕ್ಕಿತು. ಕೈಬಿಟ್ಟ ಮಾದರಿಯನ್ನು ಯಾರೋ ಎಸೆಯದೇ ಇಟ್ಟಿದ್ದರಿಂದ ಆದ ವ್ಯಾಪಾರವಿದು.

ಜಪಾನಿನವರು ಈ ದಾರಿಯನ್ನು ಮೊದಲೇ ಕಂಡುಕೊಂಡಿದ್ದರು. 1974ರಲ್ಲಿ ಪಾಪಿ ಕಂಪನಿ ಎರಕದ ಲೋಹದಲ್ಲಿ ‘ಮಾಜಿಂಗರ್’ ಎಂಬ ಯಂತ್ರಮಾನವನನ್ನು ಮಕ್ಕಳಿಗಾಗಿ ಮಾಡಿತ್ತು. 1997ರಲ್ಲಿ ಬಂಡಾಯ್ ಕಂಪನಿ ಅದೇ ಯಂತ್ರಮಾನವನನ್ನು ದೊಡ್ಡವರಿಗಾಗಿ, ದೊಡ್ಡವರ ಬೆಲೆಯಲ್ಲಿ ಮತ್ತೆ ಮಾಡಿತು. ಮ್ಯಾಟೆಲ್ ಕಂಪನಿಯ 1982ರ ಹೀ-ಮ್ಯಾನ್ ಸಹ 2008ರಲ್ಲಿ ಸಂಗ್ರಾಹಕರಿಗಾಗಿ ಒಮ್ಮೆ, 2020ರಲ್ಲಿ ‘ಒರಿಜಿನ್ಸ್’ ಎಂಬ ಹೆಸರಿನಲ್ಲಿ ಇನ್ನೊಮ್ಮೆ ಬಂದ. ಸ್ಟಾರ್ ವಾರ್ಸ್ ಬೇಡವೆಂದ ಮೀಗೊ 1980ರ ದಶಕದ ಆರಂಭದಲ್ಲಿ ದಿವಾಳಿಯಾದರೂ, 2018ರಲ್ಲಿ ಅದರ ಹಳೆಯ ಮುಖ್ಯಸ್ಥರೇ ಆ ಹೆಸರನ್ನು ಮತ್ತೆ ಅಂಗಡಿಗೆ ತಂದರು. ಕಾರ್ಖಾನೆ ಮುಳುಗಿದರೂ ಹೆಸರು ತೇಲಿತು.

ಹಣದ ವ್ಯವಸ್ಥೆಯಲ್ಲಿಯೂ ಒಂದು ವಿಶೇಷವಿದೆ. 2018ರಲ್ಲಿ ಹಾಸ್‌ಬ್ರೊ ಒಂದು ಬೃಹತ್ ನೌಕೆಯ ಆಟಿಕೆಯನ್ನು 499.99 ಡಾಲರಿಗೆ ಘೋಷಿಸಿ, 5,000 ಜನ ಮುಂಗಡ ನೋಂದಾಯಿಸಿದರೆ ಮಾತ್ರ ತಯಾರಿಸುವೆವೆಂದು ಪ್ರಕಟಿಸಿತು. ನೋಂದಾಯಿಸಿದವರು 8,810. ಅಚ್ಚು ಕಡೆಯುವ ಮೊದಲೇ ಮಾರಾಟದ ಸಂಖ್ಯೆ ಗೊತ್ತಾಯಿತು. ಉಳಿದ ದಾಸ್ತಾನಿನ ಭಯವಿಲ್ಲ. 1977ರ ಖಾಲಿ ಪೆಟ್ಟಿಗೆಯ ವಿದ್ಯೆಯೇ ಇದು, ಹೊಸ ಉಡುಪಿನಲ್ಲಿ. ಎಲ್ಲವೂ ಗೆಲ್ಲುತ್ತದೆಂದಲ್ಲ: 2021ರಲ್ಲಿ ಅದೇ ಕಂಪನಿ ರ‍್ಯಾಂಕರ್ ಎಂಬ ದೈತ್ಯಪ್ರಾಣಿಗೆ 9,000 ನೋಂದಣಿ ಕೇಳಿತು, ಅಷ್ಟು ಬರಲಿಲ್ಲ, ಯೋಜನೆ ಬಿದ್ದುಹೋಯಿತು. ನೆನಪಿಗೂ ಒಂದು ಬೆಲೆಯ ಮಿತಿ ಇದೆ. ಆದರೆ ಆ ಸೋಲಿನಲ್ಲಿ ಕಂಪನಿ ಗೋದಾಮು ತುಂಬ ಮಾರದ ಸರಕನ್ನು ಇಟ್ಟುಕೊಂಡು ಕೂರಲಿಲ್ಲ ಎಂಬುದು ಗಮನಾರ್ಹ.

ಈಗ ಲೆಕ್ಕಪುಸ್ತಕಕ್ಕೆ ಬರೋಣ. 1962ರ ಆದಾಯ ತೆರಿಗೆ ನಿಯಮಗಳ ಸವಕಳಿ ಪಟ್ಟಿಯಲ್ಲಿ ರಬ್ಬರ್ ಮತ್ತು ಪ್ಲಾಸ್ಟಿಕ್ ಕಾರ್ಖಾನೆಯ ಅಚ್ಚುಗಳಿಗೆ ಶೇಕಡಾ 30ರ ದರ ಗೊತ್ತುಪಡಿಸಲಾಗಿತ್ತು. ಹತ್ತು ಲಕ್ಷ ರೂಪಾಯಿಯ ಅಚ್ಚು ಈ ದರದಲ್ಲಿ ಐದು ವರ್ಷಕ್ಕೆ 1,68,070 ರೂಪಾಯಿಗೆ, ಹತ್ತು ವರ್ಷಕ್ಕೆ ಸುಮಾರು 28 ಸಾವಿರಕ್ಕೆ ಇಳಿಯುತ್ತದೆ. ತೆರಿಗೆಯ ದೃಷ್ಟಿಯಿಂದ ಇದು ಅನುಕೂಲವೇ, ಯಾರೂ ದೂರಬೇಕಾಗಿಲ್ಲ. ತೊಂದರೆ ಶುರುವಾಗುವುದು ಪುಸ್ತಕದ ಅಂಕಿಯನ್ನೇ ವಸ್ತುವಿನ ಯೋಗ್ಯತೆ ಎಂದು ಭಾವಿಸಿದಾಗ. ಶೆಡ್ಡಿನ ಜಾಗ ಖಾಲಿ ಮಾಡಲು ಹೊರಟ ಮಾಲೀಕ, ‘ಪುಸ್ತಕದಲ್ಲಿ ಏನೂ ಉಳಿದಿಲ್ಲವಲ್ಲ’ ಎಂದು ಅಚ್ಚನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುತ್ತಾನೆ. ಗುಜರಿಯವನಿಂದ ಅದನ್ನು ಇನ್ನೊಬ್ಬ ಉದ್ದಿಮೆದಾರ ಕೊಂಡು ಅದೇ ಸರಕನ್ನು ಎರಕ ಹೊಯ್ದರೆ, ಮೂಲ ತಯಾರಕ ತನ್ನದೇ ಮಾಲಿನೊಡನೆ ಸ್ಪರ್ಧಿಸಬೇಕಾಗುತ್ತದೆ. ಹೆಸರಿನ ಸ್ಥಿತಿಯೂ ಭಿನ್ನವಲ್ಲ. ಲೆಕ್ಕಪತ್ರ ಮಾನಕ 26ರ ಪ್ರಕಾರ ಉದ್ದಿಮೆ ತಾನೇ ಬೆಳೆಸಿದ ಬ್ರಾಂಡನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಹೀಗಾಗಿ ಆಸ್ತಿಹೊಣೆ ಪಟ್ಟಿಯನ್ನು ಎಷ್ಟು ಸಲ ಓದಿದರೂ ಕೆನ್ನರ್‌ನಂಥ ಹೆಸರು ಅಲ್ಲಿ ಕಾಣಿಸುವುದಿಲ್ಲ. ಇನ್ನೊಬ್ಬರು ಹಣ ಕೊಟ್ಟು ಕೊಂಡ ದಿನ ಮಾತ್ರ ಅದು ಪ್ರತ್ಯಕ್ಷವಾಗುತ್ತದೆ. ಲೆಕ್ಕಪರಿಶೋಧಕರೇ ಹೇಳಬೇಕಾದ ಮಾತೆಂದರೆ, ಲೆಕ್ಕಪರಿಶೋಧನೆ ಮಾಡಿದ ಪಟ್ಟಿಯಲ್ಲಿ ವ್ಯವಹಾರದ ಎಲ್ಲ ಸಂಪತ್ತೂ ಇರುವುದಿಲ್ಲ.

ಭಾರತದ ಕಥೆ ಇಲ್ಲಿಯೇ ಕುತೂಹಲಕರವಾಗುತ್ತದೆ. ವಿ.ಐ.ಪಿ. ಸೂಟ್‌ಕೇಸುಗಳಿಗೆ ಹೆಸರಾದ ಸಮೂಹದ ಬ್ಲೋಪ್ಲಾಸ್ಟ್ ಕಂಪನಿ ‘ಲಿಯೊ’ ಎಂಬ ಹೆಸರಿನಲ್ಲಿ ಹೀ-ಮ್ಯಾನ್ ಗೊಂಬೆಗಳನ್ನು ಈ ದೇಶದಲ್ಲಿ ತಂದಿತು. ಟೈರು ತಯಾರಿಸುವ ಎಂ.ಆರ್.ಎಫ್. ಹಾಸ್‌ಬ್ರೊ ಜೊತೆಗೂಡಿ 1987ರಲ್ಲಿ ಫನ್‌ಸ್ಕೂಲ್ ಸ್ಥಾಪಿಸಿತು. ಅದರ ಗೋವಾ ಕಾರ್ಖಾನೆಯ ಆಟಿಕೆಗಳು ಕರಾವಳಿಯ ಅಂಗಡಿಗಳಿಗೂ ಬಂದವು. ಫನ್‌ಸ್ಕೂಲ್ ತಯಾರಿಸಿದ ಜಿ.ಐ. ಜೋ ಗೊಂಬೆಗಳು ಹೆಸರಿಗೆ ಸೈನಿಕರಾದರೂ ಅವರ ಜಗತ್ತಿನಲ್ಲಿ ಯಂತ್ರಸೈನಿಕರು, ಲೇಸರ್ ಆಯುಧಗಳು, ಅಂತರಿಕ್ಷ ನೌಕೆಗಳು ತುಂಬಿದ್ದವು. ಹಾಸ್‌ಬ್ರೊದ ಅಚ್ಚುಗಳಿಂದಲೇ ಇಲ್ಲಿ ತಯಾರಾದ ಆ ಗೊಂಬೆಗಳಿಗೆ ಅನೇಕ ಸಲ ಮೂಲಕ್ಕಿಂತ ಬೇರೆಯದೇ ಬಣ್ಣ ಹಚ್ಚಲಾಗುತ್ತಿತ್ತು. ಅಂದು ಯಾರಾದರೂ ಅದನ್ನು ಗುಣಮಟ್ಟದ ಕೊರತೆ ಎಂದಿದ್ದರೆ ಆಶ್ಚರ್ಯವಿಲ್ಲ. ಇಂದು ವಿದೇಶಿ ಸಂಗ್ರಾಹಕರು ಭಾರತೀಯ ಗೊಂಬೆಯನ್ನು ಹುಡುಕುವುದು ಆ ಬಣ್ಣಕ್ಕಾಗಿಯೇ.

ಆ ಗೊಂಬೆಯ ಹೊಟ್ಟೆಯೊಳಗೆ ಒಂದು ಸಣ್ಣ ರಬ್ಬರ್ ಬಳೆ ಮತ್ತು ಒಂದು ಲೋಹದ ಕೊಕ್ಕೆ ಇದ್ದವು. ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಹಿಡಿದಿಟ್ಟಿದ್ದು ಅವೇ. ಸಮುದ್ರದ ಉಪ್ಪುಗಾಳಿ ಬೀಸುವ ತೆಂಗಿನಗುಂಡಿಯಂಥ ಊರಿನಲ್ಲಿ ಬಳೆ ಒಣಗಿ ತುಂಡಾಗುತ್ತದೆ, ಕೊಕ್ಕೆ ತುಕ್ಕು ಹಿಡಿಯುತ್ತದೆ. ವೀರ ನಡುಮುರಿದು ಬೀಳುತ್ತಾನೆ. ಅಷ್ಟಕ್ಕೆ ಎಸೆದವರೇ ಹೆಚ್ಚು. ಸಂಗ್ರಾಹಕರ ಪೇಟೆಯಲ್ಲಿ ಆ ಬದಲಿ ಬಳೆಯೇ ಒಂದು ಪ್ರತ್ಯೇಕ ಸರಕಾಗಿದೆ. 2021ರಲ್ಲಿ ಹಾಸ್‌ಬ್ರೊ ಜಿ.ಐ. ಜೋ ಶ್ರೇಣಿಯ ‘ಸ್ಕೈಸ್ಟ್ರೈಕರ್’ ವಿಮಾನವನ್ನು ಮುಂಗಡ ನೋಂದಣಿಯ ಮೇಲೆ ಮಾಡಿದಾಗ, ಅದರೊಡನೆ ಕೊಟ್ಟ ಗೊಂಬೆಗಳಲ್ಲಿ ಹಳೆಯ ರಬ್ಬರ್ ಬಳೆಯ ರಚನೆಯನ್ನೇ ಮರಳಿ ತಂದಿತು.

ವರ್ತಕರಿಗೆ ಇಲ್ಲಿ ಇನ್ನೊಂದು ಸೂಚನೆಯಿದೆ. ಮಾರದೆ ಉಳಿದ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಾಟದಿಂದ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಕಟ್ಟಬೇಕು. ಹಳೆಯ ಅಂಗಡಿಯ ಅಟ್ಟದಲ್ಲಿ ರಟ್ಟಿನಿಂದ ಬಿಚ್ಚದ ಇಂಥ ಗೊಂಬೆಯಿದ್ದರೆ ಪುಸ್ತಕದಲ್ಲಿ ಅದರ ಬೆಲೆ ಕೆಲವೇ ರೂಪಾಯಿ. ಸಂಗ್ರಾಹಕನಿಗೆ ಗೊಂಬೆಯಷ್ಟೇ ರಟ್ಟೂ ಮುಖ್ಯ. ಅಟ್ಟ ತೊಳೆಯುವ ದಿನ ಇದು ನೆನಪಿರಲಿ. ಆದರೆ ಅಟ್ಟದಲ್ಲಿರುವುದೆಲ್ಲ ಚಿನ್ನವೆಂಬ ಭ್ರಮೆಯೂ ಬೇಡ. ಬಿಸಿಲಿಗೆ ಹಳದಿಯಾದ ಪ್ಲಾಸ್ಟಿಕ್ಕನ್ನು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ. ಇಲ್ಲಿನ ಕಾರ್ಮಿಕರು ಹೊಯ್ದ, ಇಲ್ಲಿನ ಮಕ್ಕಳು ಆಡಿದ ಆ ಗೊಂಬೆಗಳ ಪುನರಾಗಮನದಲ್ಲಿ ಭಾರತಕ್ಕೆ ಸಿಕ್ಕಿದ್ದೇನು? ಅಚ್ಚು ಪರರದು, ಹೆಸರು ಪರರದು, ಪಾತ್ರ ಪರರದು. ಪರವಾನಗಿಯ ಅವಧಿ ಮುಗಿದಾಗ ಇಲ್ಲಿ ಉಳಿದದ್ದು ಕೌಶಲ ಮತ್ತು ನೆನಪು. ಇದು ಯಾವ ಕಂಪನಿಯ ತಪ್ಪೂ ಅಲ್ಲ. ಪರವಾನಗಿಯ ವ್ಯಾಪಾರದ ಸ್ವಭಾವವೇ ಹಾಗೆ. ಫನ್‌ಸ್ಕೂಲ್ ಆ ಕೌಶಲದಿಂದಲೇ ಎಳೆಮಕ್ಕಳ ‘ಗಿಗಲ್ಸ್’ ಎಂಬ ಸ್ವಂತ ಶ್ರೇಣಿಯನ್ನು ಬೆಳೆಸಿತು ಎಂಬುದನ್ನೂ ಹೇಳಬೇಕು. ಆದರೆ 1997ರಿಂದ 2005ರವರೆಗೆ ಮನೆಮನೆಯಲ್ಲಿ ಕಂಡ ‘ಶಕ್ತಿಮಾನ್’, 1998ರ ‘ಕ್ಯಾಪ್ಟನ್ ವ್ಯೋಮ್’, ಇವು ದೇಶದ್ದೇ ಆದ ವೀರರು. ಅವರನ್ನು ನೋಡಿ ಬೆಳೆದವರು ಈಗ ಸಂಪಾದಿಸುವ ವಯಸ್ಸಿನಲ್ಲಿದ್ದಾರೆ. ಹಾಸ್‌ಬ್ರೊ ತನ್ನ ಹಳೆಯ ಪಾತ್ರಗಳಿಂದ ಎತ್ತಿದಂಥ ಬೆಳೆಯನ್ನು ಆ ನೆನಪಿನಿಂದ ಎತ್ತಬೇಕಾದರೆ ಹಕ್ಕುಪತ್ರ, ರೇಖಾಚಿತ್ರ, ಅಚ್ಚು ಒಂದೇ ಕಡೆ ಸಿಗಬೇಕು.

ಕರ್ನಾಟಕದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆ ಚನ್ನಪಟ್ಟಣ. ಅಲ್ಲಿ ಅಚ್ಚಿಲ್ಲ, ಚಲನಚಿತ್ರದ ಪಾತ್ರವಿಲ್ಲ. ಇರುವುದು ಆಲೆಮರ, ಅರಗು, ಕಡೆಯುವ ಕೈ. ಆದರೂ ಭೌಗೋಳಿಕ ಸೂಚಕದ ನೋಂದಣಿಯ ಮೂಲಕ ಊರಿನ ಹೆಸರೇ ಕಾನೂನಿನ ರಕ್ಷಣೆ ಪಡೆಯಿತು. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು ಐ.ಎಸ್.ಐ. ಗುರುತು ಕಡ್ಡಾಯವಾದಾಗ, ಇಂಥ ನೋಂದಾಯಿತ ಸರಕಿಗೆ ವಿನಾಯಿತಿ ದೊರಕಿದ್ದು ಆ ಕಾಗದದ ಬಲದಿಂದ. ಕುಮಟಾ, ಹೊನ್ನಾವರದ ಕಡೆ ಗಂಧದ ಕೆತ್ತನೆ ಮಾಡುವ ಗುಡಿಗಾರರ ವಿದ್ಯೆ ಚನ್ನಪಟ್ಟಣದ್ದಕ್ಕಿಂತ ಕಡಿಮೆಯದೇನಲ್ಲ.

ಕಾನೂನಿನ ವಿಷಯದಲ್ಲಿ ಸಣ್ಣ ತಯಾರಕರು ಎಡವುವ ಜಾಗವೊಂದಿದೆ. ಹೊಸ ಆಕೃತಿಯನ್ನು ಬರೆದವನಿಗೆ ಕೃತಿಸ್ವಾಮ್ಯ ತಾನಾಗಿ ಬರುತ್ತದೆ, ಆದ್ದರಿಂದ ಚಿಂತೆಯಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ 15ನೇ ಪ್ರಕರಣದ ಪ್ರಕಾರ, ವಿನ್ಯಾಸ ಕಾಯಿದೆಯಡಿ ನೋಂದಾಯಿಸಬಹುದಾಗಿದ್ದ ಆಕೃತಿಯನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಪ್ರತಿ ತೆಗೆದ ಕೂಡಲೇ ಆ ವಿನ್ಯಾಸದ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಒಂದು ಅಚ್ಚಿನ ಯಂತ್ರಕ್ಕೆ ಐವತ್ತು ಪ್ರತಿ ಎಂದರೆ ಬೆಳಗಿನ ಚಹಾದ ಹೊತ್ತಿನ ಕೆಲಸ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ ಹತ್ತು ವರ್ಷ, ವಿಸ್ತರಿಸಿದರೆ ಇನ್ನೈದು ವರ್ಷ ರಕ್ಷಣೆಯಿದೆ; ಆದರೆ ವಿನ್ಯಾಸ ಹೊಸದಾಗಿರಬೇಕು. ಮಾರುಕಟ್ಟೆಯಲ್ಲಿ ಕಂಡ ಹಳೆಯ ಆಕೃತಿಯನ್ನು ನಂತರ ನೋಂದಾಯಿಸಲು ಬರುವುದಿಲ್ಲ.

ಹೀಗಾಗಿ ಮೂವತ್ತು ವರ್ಷಗಳ ನಂತರದ ಪುನರಾಗಮನದಲ್ಲಿ ಕೈಯಲ್ಲಿ ಉಳಿಯುವ ಗಟ್ಟಿ ಹಕ್ಕು ವ್ಯಾಪಾರ ಚಿಹ್ನೆಯೇ. ಅದನ್ನು ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಎಷ್ಟು ಕಾಲ ಬೇಕಾದರೂ ಉಳಿಸಿಕೊಳ್ಳಬಹುದು. 2017ರ ನಿಯಮಗಳು ಸಣ್ಣ ಉದ್ದಿಮೆಗೆ ಒಂದು ವರ್ಗದ ಅರ್ಜಿಗೆ ವಿದ್ಯುನ್ಮಾನ ವಿಧಾನದಲ್ಲಿ 4,500 ರೂಪಾಯಿ ಶುಲ್ಕ ಗೊತ್ತುಪಡಿಸಿದವು. ಆಟಿಕೆಗಳ ವರ್ಗ 28. ಬಳಸದೆ ಇಟ್ಟ ಹೆಸರಿಗೆ ಮಾತ್ರ ಅಪಾಯವಿದೆ: ನಿರಂತರ ಐದು ವರ್ಷಕ್ಕೂ ಮೀರಿ ಬಳಕೆಯಾಗದ ಚಿಹ್ನೆಯನ್ನು ತೆಗೆದುಹಾಕಲು ಬೇರೆಯವರು ಅರ್ಜಿ ಹಾಕಬಹುದು. ವರ್ಷಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಾದರೂ ಆ ಹೆಸರಿನಲ್ಲಿ ಮಾಲು ಮಾರಿ ಬಿಲ್ಲು ಇಟ್ಟುಕೊಳ್ಳುವುದು ವ್ಯರ್ಥದ ಶ್ರಮವಲ್ಲ.

ಈ ಮಾತಿಗೆ ಈಗ ತುರ್ತು ಬಂದಿರುವುದು ಕೊಪ್ಪಳದಿಂದ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಈ ನಡುವೆ, 2021ರ ಜನವರಿಯಲ್ಲಿ, ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಸಮುಚ್ಚಯಕ್ಕೆ ಶಂಕುಸ್ಥಾಪನೆಯಾಯಿತು. ಅದನ್ನು ಕೈಗೆತ್ತಿಕೊಂಡದ್ದು ವಿಮಾನದ ಬಿಡಿಭಾಗಗಳಿಗೆ ಹೆಸರಾದ ಬೆಳಗಾವಿಯ ಏಕಸ್ ಸಮೂಹ. ಅದು ಆಟಿಕೆ ಮಾಡಿಕೊಟ್ಟ ಗಿರಾಕಿಗಳಲ್ಲಿ ಹಾಸ್‌ಬ್ರೊ ಕೂಡ ಒಂದು. ಉದ್ಯೋಗದ ದೃಷ್ಟಿಯಿಂದ ಇದು ಸಂತೋಷದ ಸಂಗತಿ. ಕೂಲಿ ಕೆಲಸದಿಂದ ಆರಂಭಿಸದ ಉತ್ಪಾದಕ ದೇಶ ಯಾವುದೂ ಇಲ್ಲ. ಆದರೆ ಗೋವಾದಲ್ಲಿ 1980ರ ದಶಕದಲ್ಲಿ ಆರಂಭವಾದ ಕಥೆ ಕೊಪ್ಪಳದಲ್ಲಿ ಪುನರಾವರ್ತನೆಯಾದರೆ, 2060ರಲ್ಲಿ ಇಂದಿನ ಮಕ್ಕಳ ನೆನಪಿನ ಬಾಡಿಗೆಯೂ ಹೊರಗೇ ಹೋಗುತ್ತದೆ. ಮುಖ್ಯ ಕಾರ್ಖಾನೆಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳಾದರೂ ತಮ್ಮದೇ ಒಂದೆರಡು ಪಾತ್ರಗಳನ್ನು, ತಮ್ಮದೇ ಹೆಸರಿನಲ್ಲಿ, ಜೊತೆಜೊತೆಗೆ ಬೆಳೆಸಬೇಕು. ಅಸಲು ವೆಚ್ಚ ಅಚ್ಚಿನದು. ಅದನ್ನು ಭರಿಸಲು ಹಾಸ್‌ಬ್ರೊ ತೋರಿಸಿದ ಮುಂಗಡ ನೋಂದಣಿಯ ದಾರಿ ಚೀಟಿ ವ್ಯವಹಾರ ಬಲ್ಲ ಕರಾವಳಿಗೆ ತೀರ ಅಪರಿಚಿತವಾದದ್ದಲ್ಲ.

ಆಟಿಕೆ ಮಾಡದವರಿಗೂ ಇದು ಅನ್ವಯಿಸುತ್ತದೆ. ಬಲೆಯ ತೇಲುಗುಂಡು, ಮೀನಿನ ಕ್ರೇಟು, ಮಂಜುಗಡ್ಡೆಯ ಪೆಟ್ಟಿಗೆ, ಇವೂ ಅಚ್ಚಿನಿಂದಲೇ ಬರುವ ಸರಕುಗಳು. ಅಚ್ಚು ಒಬ್ಬರದು, ಯಂತ್ರ ಇನ್ನೊಬ್ಬರದು ಎಂಬ ಏರ್ಪಾಡಿನಲ್ಲಿ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 143ನೇ ಪ್ರಕರಣ, ಜಾಬ್‌ವರ್ಕಿಗೆ ಕಳುಹಿಸಿದ ಕಚ್ಚಾವಸ್ತು ಒಂದು ವರ್ಷದಲ್ಲಿ, ಯಂತ್ರಗಳು ಮೂರು ವರ್ಷದಲ್ಲಿ ಹಿಂದಿರುಗಬೇಕೆನ್ನುತ್ತದೆ; ಅಚ್ಚು, ಡೈ, ಜಿಗ್, ಉಪಕರಣಗಳನ್ನು ಈ ಕಾಲಮಿತಿಯಿಂದ ಹೊರಗಿಟ್ಟಿದೆ. ತೆರಿಗೆಗೆ ಸಂಬಂಧಿಸಿ ಇದು ಸೌಕರ್ಯ. ಆದರೆ ಇದರಿಂದಾಗಿ ಅಚ್ಚು ಪರರ ಶೆಡ್ಡಿನಲ್ಲಿ ಹತ್ತು ಹದಿನೈದು ವರ್ಷ ಕುಳಿತರೂ ‘ಅದು ಎಲ್ಲಿದೆ’ ಎಂದು ಕೇಳುವ ನಮೂನೆ ಯಾವುದೂ ಬರುವುದಿಲ್ಲ. ಎರಡೂ ಕಡೆಯ ಹಳೆಯ ಮಾಲೀಕರು ತೀರಿಕೊಂಡ ಮೇಲೆ ಮಕ್ಕಳಿಗೆ ಅದು ಯಾರದೆಂದೇ ಗೊತ್ತಿರುವುದಿಲ್ಲ. ಸ್ಥಿರಾಸ್ತಿ ವಹಿಯ ಪಕ್ಕದಲ್ಲಿ ಅಚ್ಚುಗಳಿಗೇ ಪ್ರತ್ಯೇಕ ವಹಿಯೊಂದನ್ನು ತೆರೆದು, ಕಡೆದ ವರ್ಷ, ಕಡೆದವರ ಬಿಲ್ಲು, ರೇಖಾಚಿತ್ರದ ಪ್ರತಿ, ಈಗಿರುವ ಶೆಡ್ಡು, ಇಟ್ಟುಕೊಂಡವರ ರುಜು, ಇಷ್ಟನ್ನು ಪ್ರತಿ ಮಾರ್ಚ್ 31ಕ್ಕೆ ತಾಳೆ ನೋಡುವುದಕ್ಕೆ ಒಬ್ಬ ಗುಮಾಸ್ತನ ಅರ್ಧ ದಿನ ಸಾಕು. ಬೆಲೆಯ ಅಂಕಣದಲ್ಲಿ ಸೊನ್ನೆ ಬಂದ ವರ್ಷವೂ ಆ ಸಾಲನ್ನು ಹೊಡೆದುಹಾಕಬಾರದು.